ಒಂದೇ ಲಾರಿ

ಅಕ್ಕ ನಿದ್ದೆ ಮಾಡುತ್ತಿರಲಿಲ್ಲ, ನಿದ್ದೆ ಮಾಡುವವಳ ಹಾಗೆ ಕೂತಿದ್ದಳು ಅಷ್ಟೆ. ರೈಲಿನ ಎದುರು ಸೀಟಿನಲ್ಲಿದ್ದ ತಂಗಿ ಚಿಕ್ಕಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ನಿಜವಾಗಿ ನಿದ್ದೆ ಬಂದಾಗ ಅಕ್ಕನ ಕೆಳತುಟಿ ಜೋತುಬಿದ್ದು, ಯಾರ ಮೇಲೋ ಮುನಿಸಿಕೊಂಡ ಮಗುವಿನ ಮುಖ ಬರುತ್ತಿತ್ತು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರಿಗೆ ಇಂಥದ್ದೆಲ್ಲ ಮರೆಯುವುದಿಲ್ಲ, ಎಷ್ಟು ವರ್ಷ ಮಾತು ಬಿಟ್ಟಿದ್ದರೂ. ಈಗ ಆ ತುಟಿ ಬಿಗಿಯಾಗಿತ್ತು. ಕುತ್ತಿಗೆಗೆ ಸುತ್ತಿದ್ದ ಬೂದುಬಣ್ಣದ ಶಾಲಿನ ಕೆಳಗೆ, ಆಪರೇಷನ್ನಿನ ಗಾಯ ಮಾಯ್ದ ಜಾಗದಲ್ಲಿ, ಏನೋ ಒಂದು ಸಣ್ಣಗೆ ಏರಿ ಇಳಿಯುತ್ತಿತ್ತು. ಒಳಗೊಳಗೇ ಹಾಡುತ್ತಿದ್ದಾಳೆಯೇ? ಚಿಕ್ಕಕ್ಕ ಆ ಕಡೆಯಿಂದ ದೃಷ್ಟಿ ಕಿತ್ತು ಕಿಟಕಿಗೆ ತಿರುಗಿದಳು. ತಾನು ಕದ್ದು ನೋಡಿದ್ದು ಅಕ್ಕನಿಗೆ ತಿಳಿದಿರುತ್ತದೆ, ತಿಳಿದೂ ಕಣ್ಣು ತೆರೆಯುವುದಿಲ್ಲ ಎಂದು ಅನ್ನಿಸಿ ಕಿವಿ ಬಿಸಿಯಾಯಿತು.

ಹಾಡಿನ ಲೋಕದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಚಿಕ್ಕಕ್ಕ. ಒಂದು ಕಾಲಕ್ಕೆ ಎರಡನ್ನೂ ಒಂದೇ ಪದದ ಹಾಗೆ ಕೂಡಿಸಿ ಹೇಳುತ್ತಿದ್ದರು. ಆಮೇಲೆ ಹಾಡು ಎರಡಾಯಿತು, ತಂಡ ಎರಡಾಯಿತು, ಲಾರಿಯೂ ಎರಡಾಯಿತು. ಹಳಿಯ ಪಕ್ಕದಲ್ಲೇ ಹೆದ್ದಾರಿ ಓಡುತ್ತಿತ್ತು. ಇದೇ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಅಕ್ಕನ ಲಾರಿ ಇವತ್ತು ಹೋದರೆ ತಂಗಿಯ ಲಾರಿ ನಾಳೆ ಹೋಗುತ್ತಿತ್ತು. ಅದೇ ಊರು, ಅದೇ ಸಭಾಂಗಣ, ಅಂಥವೇ ಕರಿಯ ಸ್ಪೀಕರ್ ಪೆಟ್ಟಿಗೆಗಳು, ಅಂಥವೇ ದೀಪದ ಕಂಬಗಳು, ಅಂಥದೇ ಜನರೇಟರು. ದಾರಿಯ ಪೆಟ್ರೋಲ್ ಬಂಕಿನವನೊಬ್ಬ ಚಿಕ್ಕಕ್ಕನ ಡ್ರೈವರಿಗೆ, "ಏನಪ್ಪಾ, ನಿನ್ನೆ ತಾನೇ ಹೋದ್ರಿ, ಮತ್ತೆ ಬಂದ್ರಿ, ಏನಾದ್ರೂ ಮರೆತು ಬಂದ್ರಾ?" ಎಂದು ಕೇಳಿದ್ದನಂತೆ. ತಂಡದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಚಿಕ್ಕಕ್ಕನೂ ನಕ್ಕಿದ್ದಳು. ಆದರೆ ಹಾಡುವಾಗ, ಊಟ ಮಾಡುವಾಗ, ಕೂದಲು ಬಾಚಿಕೊಳ್ಳುವಾಗ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಏನು ಮರೆತು ಬಂದಿದ್ದೆವು?

ತಂಡಗಳ ಈ ಒಕ್ಕೂಟ ಅಕ್ಕನದೇ ಯೋಚನೆ. ಗಂಟಲು ಹೋದ ಮೇಲೆ ಮನೆಯಲ್ಲಿ ಕೂತು ಕೊರಗುತ್ತಾಳೆ ಎಂದು ಎಲ್ಲರೂ ಎಣಿಸಿದ್ದರೆ, ಅವಳು ಪಿಸುದನಿಯಲ್ಲೇ ನಾಲ್ಕು ತಂಡಗಳನ್ನು ಒಂದು ಕೋಣೆಯಲ್ಲಿ ಕೂರಿಸಿಬಿಟ್ಟಿದ್ದಳು. ಎಲ್ಲರಿಗೂ ಸೇರಿ ಒಂದೇ ಲಾರಿ. ಒಂದೇ ಜೊತೆ ಸ್ಪೀಕರು, ಒಂದೇ ಡ್ರಮ್ಮು, ಒಂದೇ ಕೀಬೋರ್ಡು. ಹಾಡುವವರು ಬಾರಿಸುವವರೆಲ್ಲ ಕೈಯಲ್ಲಿ ಹಿಡಿಯುವಷ್ಟನ್ನು ಹಿಡಿದು ರೈಲಿನಲ್ಲಿ ಬರಬೇಕು. ಊರುಗಳು ಹಳಿಯುದ್ದಕ್ಕೂ ಒಂದಾದ ಮೇಲೊಂದು; ಇವತ್ತು ಉತ್ತರದ ತುದಿ, ನಾಳೆ ದಕ್ಷಿಣದ ತುದಿ ಎಂದು ಬಾಲ ಸುಟ್ಟ ಬೆಕ್ಕಿನ ಹಾಗೆ ಓಡುವುದಿಲ್ಲ. ನಮ್ಮಲ್ಲಿ ಹಾಡಿದವರು ಪಕ್ಕದ ಊರಿನಲ್ಲಿ ಹಾಡಕೂಡದು ಎಂದು ಹಟ ಹಿಡಿಯುತ್ತಿದ್ದ ಸಭಾಂಗಣದವರನ್ನೂ ಅಕ್ಕ ಒಬ್ಬೊಬ್ಬರನ್ನಾಗಿ ಒಪ್ಪಿಸಿದ್ದಳು. ಜನರೇಟರು ಬೇಡ, ಸಭಾಂಗಣದ ಕರೆಂಟೇ ಸಾಕು. ಆ ಸಭೆಯಲ್ಲಿ ಚಿಕ್ಕಕ್ಕ, "ಒಂದು ಲಾರಿ ಹೆಚ್ಚಾದ್ರೆ ಆಕಾಶ ಕಳಚಿ ಬೀಳುತ್ತಾ?" ಎಂದು ಗೋಡೆಯನ್ನು ನೋಡಿಕೊಂಡು ಕೇಳಿದ್ದಳು. ಅಕ್ಕನೂ ಗೋಡೆಯನ್ನೇ ನೋಡಿಕೊಂಡು ಪಿಸುಗುಟ್ಟಿದ್ದಳು: "ಎಲ್ಲರೂ ಒಂದೇ ಒಂದು ಅಂತಾನೇ ಹೇಳೋದು." ಆ ಮಾತನ್ನು ಪಕ್ಕದಲ್ಲಿದ್ದವರು ಗಟ್ಟಿಯಾಗಿ ಮತ್ತೊಮ್ಮೆ ಹೇಳಬೇಕಾಯಿತು, ಏಕೆಂದರೆ ಯಾರಿಗೂ ಕೇಳಿಸಿರಲಿಲ್ಲ. ಚಿಕ್ಕಕ್ಕನಿಗೆ ಕೇಳಿಸಿತ್ತು.

ಆದರೂ ಅವಳು ಸೇರಿದ್ದು ಅಕ್ಕನ ಮಾತಿಗಲ್ಲ. ಅದು ಒಬ್ಬ ಹೆಂಗಸಿನಿಂದ. ಹಿಂದಿನ ಬೇಸಿಗೆಯ ಒಂದು ಬಯಲು ವೇದಿಕೆ. ಸಂಜೆಯ ಹಾಡಿಗೆ ಮಧ್ಯಾಹ್ನದಿಂದಲೇ ಜನರೇಟರು ಹಾಕಿದ್ದರು, ಅದು ಹಿಂದಿನ ಮನೆಯೊಂದರ ಕಡೆಗೆ ಕರಿಯ ಹೊಗೆ ಉಗುಳುತ್ತಿತ್ತು. ಮಹಡಿಯ ಹಗ್ಗದ ಮೇಲೆ ಒಣಹಾಕಿದ ಎಳೆಮಗುವಿನ ಬಟ್ಟೆಗಳು. ಆ ಮನೆಯ ಹೆಂಗಸು ಕೂಗಾಡಬಹುದಿತ್ತು, ಕೂಗಾಡಿದ್ದರೆ ಚಿಕ್ಕಕ್ಕನ ಗಂಡ ಹೋಗಿ ಏನಾದರೂ ಸಮಾಧಾನ ಹೇಳಿ ಬರುತ್ತಿದ್ದ. ಅವಳು ಕೂಗಾಡಲಿಲ್ಲ. ಮಸಿ ಹಿಡಿದ ಒಂದು ಪುಟ್ಟ ಅಂಗಿಯನ್ನು ನೀಟಾಗಿ ಮಡಚಿ, ಮೆಟ್ಟಿಲಿಳಿದು, ವೇದಿಕೆಯ ಹಿಂದೆ ಬಂದು, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಚಿಕ್ಕಕ್ಕನ ಕೈಯಲ್ಲಿಟ್ಟು, "ಇದು ನಿಮ್ದು, ಇಟ್ಕೊಳ್ಳಿ" ಎಂದು ಹೇಳಿ ಹೋದಳು. ಬೇರೆ ಒಂದು ಮಾತಿಲ್ಲ. ಅಂದು ಹಾಡುವಾಗ ಬಾಯಿ ತೆರೆದಾಗೆಲ್ಲ ನಾಲಗೆಯ ಮೇಲೆ ಮಸಿಯ ರುಚಿ ಬಂದಂತಾಯಿತು. ಆಮೇಲೂ ಎಷ್ಟೋ ಸಭೆಗಳಲ್ಲಿ ಸಾಲು ಸಾಲು ಮುಖಗಳ ನಡುವೆ ಆ ಹೆಂಗಸು ಕೂತಿದ್ದಾಳೆಂದು ಅನ್ನಿಸಿ, ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ ಹುಡುಕಿದ್ದಿದೆ. ಇರುತ್ತಿರಲಿಲ್ಲ.

ಫೋನು ಕೈಯಲ್ಲಿ ನಡುಗಿತು. ಗಂಡ.

"ತಲುಪಿದ್ಯಾ?"

"ಇನ್ನೂ ಇಲ್ಲ."

"ಎಲ್ರೂ ಸಂತೆಗೆ ಹೊರಟವರ ಹಾಗೆ ಚೀಲ ಹೊತ್ಕೊಂಡು ರೈಲಲ್ಲಿ. ನೋಡೋರು ಏನಂದ್ಕೊಳ್ಳಲ್ಲ?" ಒಂದು ಗಳಿಗೆ ಬಿಟ್ಟು ದನಿ ತಗ್ಗಿಸಿದ. "ನಮ್ಮ ಲಾರಿ ತುಂಬಿಸಿಯೇ ಇಟ್ಟಿದ್ದೀನಿ ಕಣೇ. ಒಂದು ಮಾತು ಹೇಳು, ಸಂಜೆ ಹಾಡಿನ ಹೊತ್ತಿಗೆ ಅಲ್ಲಿರುತ್ತೆ."

"ಬೇಡ" ಎಂದಳು, ಕಣ್ಣು ಮುಚ್ಚಿದ ಅಕ್ಕನ ಮುಖ ನೋಡುತ್ತ. ಆ ಮುಖದಲ್ಲಿ ಏನೂ ಅಲುಗಲಿಲ್ಲ.

ಸ್ಟೇಷನ್ನಿನಿಂದ ಸಭಾಂಗಣಕ್ಕೆ ನಡೆದೇ ಹೋದರು. ಅಗಲವಾದ ಬೀದಿ, ಎರಡು ಕಡೆಯೂ ಹಾರ್ಡ್‌ವೇರ್ ಅಂಗಡಿ, ಕನ್ನಡಕದ ಅಂಗಡಿ, ಬಾಗಿಲು ಅರ್ಧ ಎಳೆದ ಒಂದು ಬ್ಯಾಂಕು. ಮುಂದೆ ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡ ಪಿಟೀಲಜ್ಜ, ಅವರ ಹಿಂದೆ ಡ್ರಮ್ಮಿನವನು ಬರೀ ಎರಡು ಕಡ್ಡಿ ಹಿಡಿದು, ಯಾರೋ ತನ್ನ ಬಟ್ಟೆ ಬಿಚ್ಚಿಸಿ ಬೀದಿಗೆ ಬಿಟ್ಟಿದ್ದಾರೆ ಎಂಬಂತೆ ಮುದುಡಿಕೊಂಡು. ಚಿಕ್ಕಕ್ಕನ ಕೈಯಲ್ಲಿ ಏನೂ ಇರಲಿಲ್ಲ. ಹಾಡುವವರಿಗೆ ಏನೂ ಬೇಕಿಲ್ಲವಲ್ಲ. ಮೊದಲೆಲ್ಲ ಊರಿಗೆ ಬಂದರೆ ಸಭಾಂಗಣದ ಹಿಂದೆ ತನ್ನ ಲಾರಿ ನಿಂತಿರುತ್ತಿತ್ತು. ಮಗ್ಗುಲಿನ ಮೇಲೆ ತನ್ನ ದೊಡ್ಡ ಚಿತ್ರ, ಮಳೆಗೆ ಬಿಸಿಲಿಗೆ ಒಂದು ಕಣ್ಣು ಮಾಸಿದ್ದು. ಅದನ್ನು ನೋಡಿದ ಮೇಲೇ ತಾನು ಬಂದು ತಲುಪಿದ ಹಾಗೆ ಅನ್ನಿಸುತ್ತಿದ್ದುದು. ಇವತ್ತು ಬೀದಿಯ ಜನ ಅವಳನ್ನು ಗುರುತಿಸದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಮನೆಗೆ ತರಕಾರಿ ಒಯ್ಯುವ ಯಾವ ಹೆಂಗಸಿಗಾದರೂ ಬಿಡುವ ಹಾಗೆ.

ಸಭಾಂಗಣದೊಳಗೆ ಹೊಸ ಮರದ ವಾಸನೆ, ಹಳೆಯ ಪರದೆಯ ವಾಸನೆ. ನಡುವಿನಲ್ಲಿ ಧ್ವನಿಯ ಮೇಜು, ಅದರ ಹಿಂದೆ ಕಿವಿಯಣ್ಣ. ಅಕ್ಕನ ತಂಡದಲ್ಲಿ ಮೊದಲಿನಿಂದ ಧ್ವನಿ ನೋಡಿಕೊಂಡವನು ಅವನೇ, ಕಿವಿ ಸೂಕ್ಷ್ಮವೆಂದು ಆ ಹೆಸರು. ಬಿಸ್ಕತ್ತಿನ ಪುಡಿ ಉದುರಿದ ಅಂಗಿಯನ್ನು ಕೊಡವಿಕೊಳ್ಳುತ್ತ ಎದ್ದು ನಿಂತ, ನಮಸ್ಕಾರ ಮಾಡುವುದೋ ನಗುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ. ಚಿಕ್ಕಕ್ಕ ತಲೆಯಾಡಿಸಿ ವೇದಿಕೆಗೆ ಹತ್ತಿದಳು. ಅಕ್ಕ ಖಾಲಿ ಕುರ್ಚಿಗಳ ನಡುವೆ, ಮುಂದಲ್ಲ ಹಿಂದಲ್ಲ, ಒಂದು ಕಡೆ ಹೋಗಿ ಕೂತಳು. ಮೈಕಿಗೆ ಯಾರದೋ ಕೈಬೆವರಿನ ವಾಸನೆಯಿತ್ತು. ಕೀಬೋರ್ಡಿನವನು ಶ್ರುತಿ ಹಿಡಿದ. ರಾತ್ರಿಯ ಕೊನೆಗೆ ಹಾಡುವ ಹಾಡನ್ನೇ ಒಮ್ಮೆ ಹಾಡಿ ನೋಡೋಣವೆಂದು ಚಿಕ್ಕಕ್ಕ ಕಣ್ಣು ಮುಚ್ಚಿ ಎತ್ತಿಕೊಂಡಳು.

ಮೊದಲ ಸಾಲು ಮುಗಿಯುವ ಮೊದಲೇ ಕಣ್ಣು ತಾನಾಗಿ ತೆರೆಯಿತು. ಅಕ್ಕ ಹಾಡುತ್ತಿದ್ದಳು. ಕಾಲ ಬುಡದ ಸ್ಪೀಕರಿನಿಂದ, ಎದುರಿನ ಗೋಡೆಗೆ ಬಡಿದು ಹಿಂತಿರುಗುವ ದನಿಯಿಂದ, ಎಲ್ಲ ಕಡೆಯಿಂದಲೂ ಅಕ್ಕ. ಆ ತುಂಬಿದ ಕೆಳಸ್ವರ, ಮೇಲೇರುವಾಗ ಒಂದು ಕ್ಷಣ ತಡವರಿಸಿ ಹತ್ತುವ ಆ ರೀತಿ, ಕೊನೆಯ ಅಕ್ಷರವನ್ನು ಕೈಬಿಡದೆ ಮಡಚಿಡುವ ಆ ನಯ. ತುಟಿ ಆಡುತ್ತಿದ್ದುದು ತನ್ನದು, ಉಬ್ಬಿ ಇಳಿಯುತ್ತಿದ್ದುದು ತನ್ನ ಎದೆ, ಹಾಡುತ್ತಿದ್ದುದು ಆ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತವಳು. ಪಿಟೀಲಜ್ಜ ಕಮಾನನ್ನು ತಂತಿಯ ಮೇಲೇ ನಿಲ್ಲಿಸಿ ತಲೆ ಎತ್ತಿ ನೋಡಿದರು. ಕುರ್ಚಿಗಳ ನಡುವೆ ಅಕ್ಕ ಎದ್ದು ನಿಂತದ್ದು ಕಾಣಿಸಿತು. ಶಾಲನ್ನು ಎರಡೂ ಕೈಯಲ್ಲಿ ಹಿಡಿದು, ಯಾರ ಕಡೆಗೂ ನೋಡದೆ, ಬಾಗಿಲು ತಳ್ಳಿ ಹೊರಗೆ ಹೋದಳು.

ಚಿಕ್ಕಕ್ಕ ವೇದಿಕೆಯಿಂದ ಇಳಿದು ನೇರವಾಗಿ ಧ್ವನಿಯ ಮೇಜಿಗೆ ಬಂದಳು. "ಏನ್ ಮಾಡಿದ್ದೀರಿ ನೀವು? ಅಕ್ಕನ ದನಿಗೆ ಕೂರಿಸಿದ್ದ ಸೆಟ್ಟಿಂಗನ್ನೇ ನನಗೂ ಹಾಕಿದ್ದೀರಾ?"

"ಅಯ್ಯೋ, ಇಲ್ಲ ಚಿಕ್ಕಕ್ಕ."

"ನನ್ನ ಕಿವಿ ಏನು ಕೆಟ್ಟಿದೆಯಾ?"

"ನೀವೇ ನೋಡಿ." ಅವನು ಪಕ್ಕಕ್ಕೆ ಸರಿದ. "ದೊಡ್ಡಕ್ಕಂದು ಎಲ್ಲಾ ಆಪರೇಷನ್ ಆದ ದಿನವೇ ಅಳಿಸ್ಬಿಟ್ಟೆ. ಅದನ್ನ ಇಟ್ಕೊಂಡು ಏನ್ ಮಾಡ್ಲಿ? ನಿಮ್ದಕ್ಕೆ ನಾನಿನ್ನೂ ಕೈಯೇ ಹಚ್ಚಿಲ್ಲ. ಹೇಗೆ ಬರುತ್ತೋ ಹಾಗೇ ಬಿಟ್ಟಿದ್ದೀನಿ."

ಅವಳು ಬಗ್ಗಿ ನೋಡಿದಳು. ಅವಳ ಮೈಕಿನ ಸಾಲಿನ ತಿರುಪುಗಳೆಲ್ಲ ನಡುಮಧ್ಯದಲ್ಲಿ, ಯಾವ ಕಡೆಗೂ ವಾಲದೆ ನಿಂತಿದ್ದವು. ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ. ಬರಿಯ ಅವಳ ಗಂಟಲು. ಅಷ್ಟೇ.

ಇಂಥದೇ ಒಂದು ಮೇಜಿನ ಮುಂದೆ ಬಹಳ ಹಿಂದೆ ಅವಳು ಹೀಗೇ ನಿಂತಿದ್ದಳು, ಇದೇ ಕಿವಿಯಣ್ಣನ ಎದುರಿಗೆ. ಅಂದು ಇಬ್ಬರೂ ಹಾಡುತ್ತಿರುವಾಗ ಮೈಕು ಹಿಡಿದೇ ಸಭೆಯ ನಡುವಿಗೆ ಇಳಿದು ಬಂದು, ಅಲ್ಲಿ ತನ್ನ ದನಿಯೇ ಇಲ್ಲವೆಂದು ಕಂಡುಕೊಂಡಿದ್ದಳು. ಬಾಯಿ ಆಡುತ್ತಿದೆ, ಕೇಳುವುದು ಅಕ್ಕನೊಬ್ಬಳೇ. ಕಿವಿಯಣ್ಣ ತಲೆ ತಗ್ಗಿಸಿ, "ದೊಡ್ಡಕ್ಕ ಹೇಳಿದ್ದು, ನಿಮ್ಮ ದನಿ ಕೆಳಗಿಡು ಅಂತ" ಎಂದಿದ್ದ. ಎಷ್ಟು ಕಾಲದಿಂದ? ಅವನು ಹೇಳಲಿಲ್ಲ. ಜನ ಅವಳಿಗೂ ಸೇರಿಸಿ ಚಪ್ಪಾಳೆ ತಟ್ಟಿದ್ದರು, ಅವಳು ಕೈಮುಗಿದಿದ್ದಳು, ಊರೂರಿನಲ್ಲಿ, ಇಲ್ಲದ ದನಿಗೆ. ಜಗಳದಲ್ಲಿ ಅಕ್ಕ ಒಂದೇ ಮಾತು ಹೇಳಿದ್ದಳು: "ನಿಂದು ನಂದು ಒಂದೇ ಥರ ಇದೆ ಪುಟ್ಟಿ, ಎರಡೂ ಒಂದೇ ಮಟ್ಟಕ್ಕೆ ಬಂದ್ರೆ ಹಾಡು ಕಲಸಿ ಹೋಗುತ್ತೆ." ಎಂಥ ನೆಪ ಎಂದು ಚಿಕ್ಕಕ್ಕ ಅಂದೇ ಬೇರೆಯಾಗಿ ಹೊರಟಳು. ತನ್ನದೇ ಸೌಂಡಿನವನನ್ನು ಇಟ್ಟುಕೊಂಡಳು. ಕೆಳಸ್ವರ ತೆಗೆ, ಇನ್ನೂ ತೆಗೆ, ಮೇಲಿನದು ಹರಿತ ಮಾಡು, ಮಿಂಚಬೇಕು, ಎಂದು ಅವನ ಬೆನ್ನ ಹಿಂದೆ ನಿಂತು ಹೇಳಿ ಹೇಳಿ, ಗಾಜಿನ ಚೂರಿನಂಥ ಒಂದು ದನಿ ಮಾಡಿಸಿಕೊಂಡಿದ್ದಳು. ಅದಕ್ಕೆ ತಕ್ಕ ಪೆಟ್ಟಿಗೆಗಳು ಬೇಕು, ಪೆಟ್ಟಿಗೆಗಳಿಗೆ ಲಾರಿ ಬೇಕು. ಜನ ಹೊಗಳಿದ್ದು ಆ ದನಿಯನ್ನು. ಈಗ ಇಲ್ಲಿ, ನಡುಮಧ್ಯ ನಿಂತ ತಿರುಪುಗಳ ಎದುರು, ಅವಳಿಗೆ ಅರ್ಥವಾಯಿತು. ಇಷ್ಟು ವರ್ಷ ಆ ಹೆದ್ದಾರಿಯಲ್ಲಿ, ಹೊಗೆ ಬಿಟ್ಟುಕೊಂಡು, ಊರಿಂದೂರಿಗೆ ತಾನು ಹೇರಿಕೊಂಡು ಹೋದದ್ದು ಇದನ್ನೇ. ಅಕ್ಕನಲ್ಲ ತಾನು ಎಂಬುದನ್ನು.

ಹಿಂದಿನ ಕಾರಿಡಾರಿನಲ್ಲಿ ನೀರಿನ ಡ್ರಮ್ಮಿನ ಪಕ್ಕ ನಿಂತು ಗಂಡನಿಗೆ ಫೋನು ಮಾಡಿದಳು. "ಕಳ್ಸಿ."

"ಏನಾಯ್ತು?"

"ಏನೂ ಆಗಿಲ್ಲ. ಲಾರಿ ಕಳ್ಸಿ."

"ಕಳ್ಸೋದೇನು, ನಾನೇ ಬರ್ತೀನಿ" ಎಂದ ಅವನ ದನಿಯಲ್ಲಿ ಗೆದ್ದವರ ಉತ್ಸಾಹ. ಫೋನು ಇಟ್ಟ ಮೇಲೆ ಅವಳಿಗೆ ತಾನು ಯಾವುದೋ ಮನೆಯ ಹಿತ್ತಲಲ್ಲಿ ಕಳ್ಳತನಕ್ಕೆ ನಿಂತಿರುವ ಹಾಗೆ ಅನ್ನಿಸಿತು. ಎಲ್ಲರಿಗೂ ಏನು ಹೇಳುವುದು? ಗಂಟಲು ಹಿಡಿದಿದೆ, ಈ ಮೈಕು ಒಗ್ಗುವುದಿಲ್ಲ, ಡಾಕ್ಟರು ಹೇಳಿದ್ದಾರೆ. ಒಂದೊಂದು ಸುಳ್ಳನ್ನೂ ಬಟ್ಟೆಯಂಗಡಿಯಲ್ಲಿ ಸೀರೆ ನೋಡುವ ಹಾಗೆ ಬಿಚ್ಚಿ ನೋಡಿ ಪಕ್ಕಕ್ಕಿಟ್ಟಳು.

ಬಣ್ಣದ ಕೋಣೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಕನ್ನಡಿಯ ಸುತ್ತಲಿನ ಬಲ್ಬುಗಳನ್ನು ಹಾಕಿರಲಿಲ್ಲ. ಬಾಗಿಲು ಹಾಕು ಎಂದು ಕೈಸನ್ನೆ ಮಾಡಿದಳು, ಆಮೇಲೆ ಹತ್ತಿರ ಬಾ ಎಂದು. ಅಕ್ಕನ ಜೊತೆ ಮಾತಾಡಬೇಕಾದರೆ ಈಗ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕು. ಮುನಿಸಿಕೊಂಡವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಗಂಟಲಿಗೆ ಹಾಕಿಕೊಳ್ಳುವ ಗುಳಿಗೆಯ ಘಾಟು ಮುಖಕ್ಕೆ ಬಡಿಯಿತು.

"ನಿನ್ನ ಲಾರಿ ಎಲ್ಲಿದೆ?"

ಅಕ್ಕನಿಗೆ ಗೊತ್ತಾಗಿಹೋಯಿತು. ಯಾರು ಹೇಳಿದರು? "ಮನೇಲಿ" ಎಂದಳು ಚಿಕ್ಕಕ್ಕ.

"ತರಿಸ್ಕೊ."

"ಏನು?"

"ನಿನ್ನ ಪೆಟ್ಟಿಗೆ, ನಿನ್ನ ಮೈಕು, ಎಲ್ಲಾ ತರಿಸ್ಕೊ. ನನಗೆ ಕೇಳೋಕಾಗಲ್ಲ ಪುಟ್ಟಿ." ಅಕ್ಕನ ಕೈ ಅವಳ ಮೊಣಕೈಯನ್ನು ಹಿಡಿಯಿತು. ಆ ಬೆರಳುಗಳಲ್ಲಿ ಅಷ್ಟು ಬಲವಿದೆಯೆಂದು ಚಿಕ್ಕಕ್ಕನಿಗೆ ಗೊತ್ತಿರಲಿಲ್ಲ. "ಡಾಕ್ಟ್ರು ಹೇಳ್ದಾಗ ನಾನು ಅಳಲಿಲ್ಲ. ಸತ್ತವರನ್ನ ಮಣ್ಣು ಮಾಡಿ ಬಂದ ಮೇಲೆ ಒಂದು ಥರ ನೆಮ್ಮದಿ ಇರುತ್ತಲ್ಲ, ಹಾಗಿದ್ದೆ. ಇವತ್ತು ಅದು ಎದ್ದು ಬಂದು ನಿನ್ನ ಬಾಯಲ್ಲಿ ಕೂತಿದೆ. ನಾನು ಅದರೆದುರು ಹೇಗೆ ಕೂರ್ಲಿ?"

"ಮತ್ತೆ ಒಕ್ಕೂಟ?"

"ಒಂದು ಲಾರಿ ತಾನೆ. ಒಂದು ಹೆಚ್ಚಾದ್ರೆ ಏನೂ ಆಗಲ್ಲ." ಹೇಳಿ ಅಕ್ಕ ಮುಖ ತಿರುಗಿಸಿದಳು. ಕತ್ತಲ ಕನ್ನಡಿಯಲ್ಲಿ ಎರಡು ಮುಖಗಳು ಒಂದರ ಪಕ್ಕ ಒಂದು ಮಸುಕಾಗಿ ಕಂಡವು. "ನಾನು ಕೇಳಿದೆ ಅಂತ ಯಾರಿಗೂ ಹೇಳ್ಬೇಡ."

ಆಗ ಚಿಕ್ಕಕ್ಕನೊಳಗೆ ಎದ್ದದ್ದು ಕನಿಕರವಲ್ಲ. ಅದು ಸುಖ. ಬೆಲ್ಲದ ಪಾಕದ ಹಾಗೆ ಮಂದವಾಗಿ, ಬೆಚ್ಚಗೆ, ಹೊಟ್ಟೆಯಿಂದ ಮೇಲೇರಿ ಬಂದ ಸುಖ. ಅಕ್ಕನಿಗೆ ತನ್ನ ಮೇಲೆ ಹೊಟ್ಟೆಕಿಚ್ಚು. ಎಂದಾದರೂ ಒಂದು ದಿನ ಹೀಗಾಗಲಿ ಎಂದು ಹರಕೆ ಹೊತ್ತವಳ ಹಾಗೆ ಕಾದಿದ್ದಳು, ಸಣ್ಣವಳಿದ್ದಾಗಿನಿಂದ, ನೆಂಟರ ಮುಂದೆ ಅಕ್ಕ ಹಾಡಿ ಮುಗಿಸಿದ ಮೇಲೆ 'ನೀನೂ ಒಂದು ಹಾಡಮ್ಮ' ಎಂದು ಯಾರಾದರೂ ದಾಕ್ಷಿಣ್ಯಕ್ಕೆ ಕೇಳುತ್ತಿದ್ದ ಕಾಲದಿಂದ. ಆ ಸುಖ ಬಾಯಿಯವರೆಗೆ ಬಂದು ಅಲ್ಲೇ ಹಳಸಿತು. ಮೊಣಕೈ ಹಿಡಿದಿದ್ದ ಬೆರಳುಗಳು ಇನ್ನೂ ಬಿಟ್ಟಿರಲಿಲ್ಲ. ಚಿಕ್ಕಕ್ಕ ಕೈ ಬಿಡಿಸಿಕೊಂಡು ಹೊರಗೆ ಬಂದಳು.

ಸಾಮಾನು ಇಳಿಸುವ ಹಿಂಬಾಗಿಲಿನಲ್ಲಿ, ಒಕ್ಕೂಟದ ಲಾರಿಯ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಪಿಟೀಲಜ್ಜ ಬಿಸಿಲು ನೋಡುತ್ತ ಕೂತಿದ್ದರು. ಲಾರಿಯ ಮಗ್ಗುಲು ಖಾಲಿಯಾಗಿತ್ತು, ಯಾರ ಚಿತ್ರವೂ ಇರಲಿಲ್ಲ.

"ಆ ಡ್ರಮ್ಮಿನವನಿಗೆ ಅವನ ಡ್ರಮ್ಮೇ ಬೇಕಂತೆ" ಎಂದರು ಅಜ್ಜ. "ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗಾಗುತ್ತೆ ಅಂತ ಬೆಳಗ್ಗಿಂದ ಗೊಣಗಾಟ. ನಮ್ಮ ವ್ಯಾನು ತರಿಸ್ಲಾ ಅಂತ ಕೇಳ್ದ. ನಾನಂದೆ, ಅಲ್ಲಯ್ಯಾ, ಚಿಕ್ಕಕ್ಕನಂಥವಳೇ ತುಟಿಪಿಟಕ್ ಅನ್ನದೆ ಬಂದಿದ್ದಾಳೆ, ನಿನಗೇನು ಬಂತು ಧಾಡಿ? ಬಾಯಿ ಮುಚ್ಚಿದ." ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮಧ್ಯಾಹ್ನ ನೀನು ಹಾಡಿದ್ಯಲ್ಲ" ಎಂದು ಶುರುಮಾಡಿ, ಮುಂದಿನದನ್ನು ನುಂಗಿಕೊಂಡು, ಮಂಡಿ ಉಜ್ಜಿಕೊಳ್ಳತೊಡಗಿದರು.

ಚಿಕ್ಕಕ್ಕನಿಗೆ ಎದುರಿನ ಬಿಸಿಲು ಕಣ್ಣು ಚುಚ್ಚಿತು. ತನ್ನ ಲಾರಿ ಈ ಅಂಗಳಕ್ಕೆ ತಿರುಗಿಕೊಂಡರೆ ಡ್ರಮ್ಮಿನವನ ವ್ಯಾನು ನಾಳೆ ಬರುತ್ತದೆ, ಅಜ್ಜನ ತಂಡ ನಡೆಸುವ ಮೊಮ್ಮಕ್ಕಳು ನಾಡಿದ್ದು ಅವರ ಪೆಟ್ಟಿಗೆಗಳನ್ನು ಕಳಿಸುತ್ತಾರೆ, ಮುಂದಿನ ಊರಿಗೆ ಎಲ್ಲರೂ ಒಬ್ಬರ ಹಿಂದೊಬ್ಬರು ಧೂಳೆಬ್ಬಿಸಿಕೊಂಡು ಹೊರಡುತ್ತಾರೆ. ಯಾರೂ ಯಾರನ್ನೂ ಬೈಯುವುದಿಲ್ಲ. ಎಲ್ಲರ ಹತ್ತಿರವೂ ಒಂದೊಂದು ಕಾರಣವಿರುತ್ತದೆ, ನಿಜವಾದ ಕಾರಣ, ಯಾರ ಹತ್ತಿರವೂ ಹೇಳಲಾಗದ್ದು. ಅವಳು ಅಂಗಳದ ತುದಿಯವರೆಗೆ ನಡೆದು ಹೋಗಿ ಫೋನು ಮಾಡಿದಳು. ಎಂಜಿನ್ನಿನ ಗದ್ದಲದ ನಡುವೆ ಗಂಡ ಕೂಗಿದ, "ಅರ್ಧ ದಾರಿ ಬಂದಾಯ್ತು!"

"ರೀ, ತಿರುಗಿಸ್ಕೊಂಡು ಹೋಗಿ."

"ಏನು? ಕೇಳಿಸ್ಲಿಲ್ಲ."

"ತಿರುಗಿಸಿ ಅಂದೆ. ಬೇಡ."

"ತಲೆ ಗಿಲೆ ಕೆಟ್ಟಿದ್ಯಾ ನಿಂಗೆ? ಒಂದ್ಸಲ ಬಾ ಅಂತೀಯ, ಒಂದ್ಸಲ ಹೋಗು ಅಂತೀಯ. ನಾನೇನು ನಿನ್ನ ಕೈಗೊಂಬೇನಾ?" ಬ್ರೇಕಿನ ಸದ್ದು, ಬಾಗಿಲಿನ ಸದ್ದು. ರಸ್ತೆಯ ಪಕ್ಕಕ್ಕೆ ಇಳಿದು ನಿಂತಿರಬೇಕು. "ಏನಾಯ್ತು ಹೇಳು" ಎಂದ, ಈಗ ಬೇರೆ ದನಿಯಲ್ಲಿ.

"ನಾನು ಅಕ್ಕನ ಥರ ಹಾಡ್ತೀನಾ?"

ಯಾವುದೋ ಬಸ್ಸು ಅವನ ಪಕ್ಕದಿಂದ ಹಾರ್ನು ಹೊಡೆದುಕೊಂಡು ಹೋಯಿತು.

"ಸ್ಟೇಜಲ್ಲಿ ಇಲ್ಲ. ಮನೇಲಿ. ಅಡುಗೆ ಮಾಡ್ತಾ ಹಾಡ್ಕೋತೀಯಲ್ಲ, ಆಗ. ಮದುವೆಯಾದಾಗಿಂದ."

"ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮನೇಲೂ ಹಾಡೋದು ಬಿಟ್ಬಿಡ್ತಿದ್ದೆ."

ಅಡುಗೆಮನೆಯ ಬಾಗಿಲಿನಾಚೆ ಪೇಪರು ಹಿಡಿದು, ಓದದೆ, ಮಡಚದೆ, ಕೂತಿರುತ್ತಿದ್ದ ಅವನ ಕಾಲುಗಳು ಅವಳ ಕಣ್ಣಿಗೆ ಬಂದವು. ಸದ್ದಾದರೆ ತಾನು ನಿಲ್ಲಿಸಿಬಿಡುತ್ತೇನೆಂದು ಪುಟ ಕೂಡ ತಿರುಗಿಸದೆ. "ಜೋಪಾನವಾಗಿ ಹೋಗಿ" ಎಂದಳು. "ಹೂಂ" ಎಂದ ಅವನು.

ಅಕ್ಕನಿಗೆ ಹೇಳಲು ಹೋದಾಗ ಬಣ್ಣದ ಕೋಣೆಯಲ್ಲಿ ಬಲ್ಬುಗಳು ಹತ್ತಿದ್ದವು. "ಲಾರಿ ಬರಲ್ಲ ಅಕ್ಕ" ಎಂದಳು, ಬಾಗಿಲಿನಲ್ಲೇ ನಿಂತು. ಕಾರಣ ಹೇಳಬೇಕೆಂದು ಬಂದಿದ್ದಳು. ಡ್ರಮ್ಮಿನವನನ್ನು, ಅಜ್ಜನನ್ನು, ಆ ಹೆಂಗಸನ್ನು, ಎಲ್ಲರನ್ನೂ ಹೇಳಬೇಕೆಂದು. ಅಕ್ಕನ ತುಟಿ ಆಡಿತು. ಅಷ್ಟು ದೂರಕ್ಕೆ ದನಿ ತಲುಪುವ ಹಾಗಿರಲಿಲ್ಲ, ಆದರೂ ಚಿಕ್ಕಕ್ಕನಿಗೆ ತಿಳಿಯಿತು. "ಸೇಡು ತೀರಿಸ್ಕೊಂಡೆ." ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಲ್ಲವೇ? ಅದು ಒಂದಿಷ್ಟೂ ಇರಲಿಲ್ಲವೇ?

ಸಂಜೆ ಸಭಾಂಗಣ ತುಂಬಿತು. ಮೊದಲು ಅಜ್ಜ ನುಡಿಸಿದರು, ಆಮೇಲೆ ಡ್ರಮ್ಮಿನವನ ತಂಡ. ಬೇರೆಯವರ ಚಪ್ಪಲಿ ಹಾಕಿಕೊಂಡೂ ಅವನು ಕುಣಿಯುವಷ್ಟು ಕುಣಿದ. ಚಿಕ್ಕಕ್ಕ ಬೆಳಕಿಗೆ ಬಂದು ನಿಂತು ಮೊದಲ ಸಾಲು ಎತ್ತಿದಾಗ ಸಭೆಯಲ್ಲಿ ಚಪ್ಪಾಳೆಯಲ್ಲ, ಒಂದು ಗೊಂದಲದ ಅಲೆ ಹಾದುಹೋಯಿತು. ಮುಂದಿನ ಸಾಲಿನ ವಯಸ್ಸಾದ ಹೆಂಗಸೊಬ್ಬಳು ಕುತ್ತಿಗೆ ಉದ್ದ ಮಾಡಿ ವೇದಿಕೆಯ ಆ ಕಡೆ ಈ ಕಡೆ ಹುಡುಕಿದಳು, ಹಾಡುತ್ತಿರುವವಳು ಎಲ್ಲಿ ಎಂಬಂತೆ. ಯಾರೋ ಗಂಡಸು ಕನ್ನಡಕ ತೆಗೆದು ಒರೆಸಿಕೊಂಡ. ಚಿಕ್ಕಕ್ಕನಿಗೆ ತನ್ನ ಮೈಯೊಳಗೆ ತಾನು ಬಾಡಿಗೆಗೆ ಇದ್ದ ಹಾಗೆ, ಮನೆಯ ಯಜಮಾನಿ ಮರಳಿ ಬಂದು ಒಂದೊಂದೇ ಕೋಣೆಯ ದೀಪ ಹಾಕುತ್ತಿರುವ ಹಾಗೆ ಭಯವಾಯಿತು. ಆದರೂ ಹಾಡಿದಳು. ಒಂದಾದ ಮೇಲೊಂದು. ಗಾಜಿನ ಚೂರಿನ ದನಿ ಎಲ್ಲಾದರೂ ಉಳಿದಿದೆಯೇ ಎಂದು ಮೇಲಿನ ಸ್ವರಗಳಲ್ಲಿ ತಡಕಾಡಿದಳು. ಅಲ್ಲಿಯೂ ಅಕ್ಕನೇ ಇದ್ದಳು, ತಡವರಿಸಿ, ಕೈಚಾಚಿ, ಹತ್ತುತ್ತಿದ್ದಳು.

ನಡುವೆ ಅಜ್ಜನೊಬ್ಬರೇ ನುಡಿಸುವ ಒಂದು ತುಣುಕಿತ್ತು. ನೀರು ಕುಡಿಯಲೆಂದು ಪರದೆಯ ಮರೆಗೆ ಬಂದರೆ, ಮಡಿಕೆಗಳ ಕತ್ತಲಲ್ಲಿ ಅಕ್ಕ ನಿಂತಿದ್ದಳು. ಊರು ಬಿಟ್ಟು ಹೊರಟುಹೋಗಿರುತ್ತಾಳೆ ಎಂದುಕೊಂಡಿದ್ದ ಚಿಕ್ಕಕ್ಕ ಬೆಚ್ಚಿ ನೀರು ಚೆಲ್ಲಿಕೊಂಡಳು. ಅಕ್ಕ ಶಾಲಿನ ತುದಿಯಿಂದ ಅವಳ ಗಲ್ಲ ಒರೆಸಿ, ಕಿವಿಯನ್ನು ಬಾಯಿಗೆ ಎಳೆದುಕೊಂಡಳು.

"ಮಧ್ಯಾಹ್ನ ಹಾಡಿ ನೋಡಿದ್ಯಲ್ಲ, ಕೊನೇ ಹಾಡು. ವಾದ್ಯ ಎಲ್ಲಾ ನಿಲ್ಲೋ ತಿರುವಿನಲ್ಲಿ ಉಸಿರು ತಗೋತೀಯ."

"ಅಲ್ಲಿ ತಗೋಬೇಕಲ್ಲ. ಹಾಗೇ ಅಲ್ವಾ ಇರೋದು?"

"ಹಾಗಿಲ್ಲ. ಅದು ನಂದು." ಅಕ್ಕ ಒಂದು ಕ್ಷಣ ನಿಲ್ಲಿಸಿ ಗಂಟಲು ಸರಿಮಾಡಿಕೊಂಡಳು. "ನನಗೆ ದಮ್ಮು ಸಾಲ್ತಿರಲಿಲ್ಲ ಪುಟ್ಟಿ. ಮೊದಲಿಂದ್ಲೂ. ಯಾರಿಗೂ ತಿಳೀಬಾರ್ದು ಅಂತ ಅಲ್ಲೊಂದು ಉಸಿರು ತಗೊಂಡು, ಅದೇ ಒಂದು ಅಂದ ಅನ್ನೋ ಹಾಗೆ ಮಾಡಿದ್ದೆ. ಜನ ಅದಕ್ಕೇ ಆಹಾ ಅಂತಿದ್ರು. ನಿನಗೆ ದಮ್ಮಿದೆ. ನೀನು ಯಾಕೆ ತಗೋತೀಯ?"

ಅಜ್ಜನ ಪಿಟೀಲು ಇಳಿಯುತ್ತ ಬಂತು. ಚಿಕ್ಕಕ್ಕ ಏನನ್ನಾದರೂ ಹೇಳುವ ಮೊದಲೇ ಅಕ್ಕ ಅವಳ ಬೆನ್ನಿಗೆ ಅಂಗೈಯಿಟ್ಟು ಬೆಳಕಿನ ಕಡೆಗೆ ತಳ್ಳಿದಳು. ಮೆಲ್ಲಗಲ್ಲ, ಸ್ವಲ್ಪ ಜೋರಾಗಿಯೇ.

ಕೊನೆಯ ಹಾಡು ಬಂತು. ಸಭೆ ಈಗ ಒಗ್ಗಿಕೊಂಡಿತ್ತು, ಅಥವಾ ಹುಡುಕುವುದನ್ನು ಬಿಟ್ಟಿತ್ತು. ಅವಳು ನಿಧಾನವಾಗಿ ಸಾಲುಗಳನ್ನು ದಾಟುತ್ತ ಆ ತಿರುವಿನ ಹತ್ತಿರ ಬಂದಳು. ಡ್ರಮ್ಮು ನಿಂತಿತು. ಕೀಬೋರ್ಡು ನಿಂತಿತು. ಅಜ್ಜನ ಕಮಾನು ಮೇಲೆದ್ದಿತು. ಸ್ವರವೊಂದೇ ತೂಗುತ್ತ ಉಳಿಯಿತು. ಎದೆ ತಾನಾಗಿಯೇ ಉಬ್ಬಲು ಹೊರಟಿತು, ಇಷ್ಟು ಕಾಲದ ಅಭ್ಯಾಸ. ಅವಳು ಬಿಡಲಿಲ್ಲ. ಉಸಿರು ತೆಗೆದುಕೊಳ್ಳದೆ ತಿರುವನ್ನು ದಾಟಿದಳು, ಇನ್ನೂ ದಾಟಿ ಹೋದಳು, ಅಕ್ಕ ಎಂದೂ ಹೋಗದಿದ್ದಲ್ಲಿಗೆ, ತಾನೂ ಎಂದೂ ಹೋಗದಿದ್ದಲ್ಲಿಗೆ. ಆ ಹೊತ್ತಿನಲ್ಲಿ, ಉಸಿರು ಇರಬೇಕಾಗಿದ್ದ ಸರಿಯಾದ ಜಾಗದಲ್ಲಿ, ಪರದೆಯ ಮಡಿಕೆಗಳೊಳಗಿಂದ ಯಾರೋ ಉಸಿರೆಳೆದುಕೊಂಡದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಉಸಿರಿನ ಮೇಲೆಯೇ ಅವಳು ಮುಂದಿನ ಸಾಲನ್ನು ಎತ್ತಿಕೊಂಡಳು.